ಆಟಿಸಂ ಇರುವ ದೊಡ್ಡವರು: ದಿನಚರಿಯನ್ನು ಅಳೆಯುವುದು ಹೇಗೆ?

ಇಪ್ಪತ್ನಾಲ್ಕು ವರ್ಷದ ಮಗನ ಬಗ್ಗೆ ಆ ತಾಯಿ ಬಂಧುಗಳಲ್ಲೂ ವೈದ್ಯರಲ್ಲೂ ಹೇಳುತ್ತಿದ್ದ ಮಾತು ಒಂದೇ. "ಸ್ನಾನ, ಊಟ, ಬಟ್ಟೆ ಎಲ್ಲ ಅವನೇ ಮಾಡ್ಕೊಳ್ತಾನೆ. ಜನರ ಜೊತೆ ಬೆರೆಯೋದು ಮಾತ್ರ ಕಡಿಮೆ." ಹುಡುಗನಿಗೆ ಏಳನೇ ವಯಸ್ಸಿನಲ್ಲೇ ಆಟಿಸಂ ಎಂದು ಗುರುತಿಸಲಾಗಿತ್ತು. ಓದಿನಲ್ಲಿ ಚುರುಕು, ಬಿ.ಕಾಂ. ಮುಗಿಸಿದ್ದಾನೆ. ಕಳೆದ ವರ್ಷ ತಾಯಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು. ಮನೆ ನೋಡಿಕೊಳ್ಳಲು ಹುಡುಗನ ಖಾಲಾ ಬಂದಿದ್ದರು. ತಾಯಿ ಮನೆಗೆ ಮರಳಿದಾಗ ಮಗ ಹೋದ ದಿನದ ಅಂಗಿಯಲ್ಲೇ ಇದ್ದ. ಒಂಬತ್ತು ದಿನ ಸ್ನಾನ ಮಾಡಿರಲಿಲ್ಲ. ಖಾಲಾ ಮಾಡಿದ ಸಾರಿನ ವಾಸನೆ ಬೇರೆಯಿತ್ತೆಂದು ಬ್ರೆಡ್ಡು ಮತ್ತು ಚಹಾದಲ್ಲೇ ದಿನ ಕಳೆದಿದ್ದ. ದವಡೆಯ ಒಂದು ಬದಿ ಊದಿಕೊಂಡಿತ್ತು. ಹಲ್ಲು ನೋಯುತ್ತಿದೆ ಎಂದು ಅವನು ಯಾರಿಗೂ ಹೇಳಿರಲಿಲ್ಲ.

"ಸ್ನಾನಕ್ಕೆ ಹೋಗು ಅಂತ ನಾನು ಹೇಳಬೇಕು ಅಂತ ಗೊತ್ತಿರಲಿಲ್ಲ ಆಪಾ. ಎಲ್ಲ ಅವನೇ ಮಾಡ್ಕೊಳ್ತಾನೆ ಅಂತ ನೀವೇ ಹೇಳಿದ್ದಲ್ಲವಾ?" ಎಂದು ತಂಗಿ ಕೇಳಿದರಂತೆ.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಪ್ರತಿದಿನ ಬೆಳಿಗ್ಗೆ "ಬೇಟಾ, ನೀರು ಬಿಸಿಯಾಗಿದೆ" ಎಂದು ಕೂಗುವುದು, ಒಗೆದ ಅಂಗಿಯನ್ನು ಬಚ್ಚಲಿನ ಮೊಳೆಗೆ ನೇತು ಹಾಕುವುದು, ಬ್ರಷ್ಷಿಗೆ ಪೇಸ್ಟು ಹಚ್ಚಿಡುವುದು, ತಟ್ಟೆಯಲ್ಲಿ ಅನ್ನ ಅರ್ಧವೇ ಉಳಿದರೆ ಅವನ ಬಾಯಿ ತೆರೆಸಿ ನೋಡುವುದು, ಇವೆಲ್ಲ ಹದಿನೇಳು ವರ್ಷಗಳಿಂದ ತಾಯಿಯ ಕೈಗೆ ಅಭ್ಯಾಸವಾಗಿದ್ದವು. ಅದು 'ಸಹಾಯ' ಎಂದು ಆಕೆಗೇ ಅನಿಸುತ್ತಿರಲಿಲ್ಲ. ಸಹಾಯವನ್ನು ಕಳಚಿಟ್ಟರೆ ಉಳಿಯುವುದೆಷ್ಟು ಎಂಬುದು ಆ ಒಂಬತ್ತು ದಿನಗಳಲ್ಲಿ ಕಂಡಿತು.

ಕನ್ನಡದಲ್ಲಿ ಸ್ವಲೀನತೆ ಎಂದೂ ಕರೆಯುವ ಆಟಿಸಂ ಬಗ್ಗೆ ಈಗ ಪತ್ರಿಕೆಗಳಲ್ಲಿ ಸಾಕಷ್ಟು ಬರುತ್ತಿದೆ. ಬಂದದ್ದರಲ್ಲಿ ಹೆಚ್ಚಿನದು ಎರಡು ಮೂರು ವರ್ಷದ ಮಕ್ಕಳ ಕುರಿತು. ಆ ಮಕ್ಕಳು ದೊಡ್ಡವರಾಗುತ್ತಾರೆ. ಆಗ ಮನೆಯವರಿಗೆ ಬೇಕಾಗುವ ಉತ್ತರ ಬೇರೆ: ಇವರು ಒಂದು ದಿನವನ್ನು ತಾವಾಗಿ ಎಷ್ಟರ ಮಟ್ಟಿಗೆ ನಡೆಸಬಲ್ಲರು? ಎಲ್ಲಿ ಆಸರೆ ಬೇಕು? ಇದನ್ನು ಅಳೆಯಲು ಕ್ರಮಬದ್ಧ ವಿಧಾನಗಳಿವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಬುದ್ಧಿಮತ್ತೆ ಚೆನ್ನಾಗಿದ್ದರೆ ಬದುಕೂ ಸಲೀಸು ಎಂದು ನಾವು ನಂಬುತ್ತೇವೆ. ಸಾಮಾನ್ಯವಾಗಿ ಅದು ನಿಜವೂ ಹೌದು. ಆದರೆ ಆಟಿಸಂನಲ್ಲಿ ಇವೆರಡರ ನಂಟು ಸಡಿಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಟಿಸಂ ಇರುವ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಮತ್ತು ಹದಿಹರೆಯದವರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಬೌದ್ಧಿಕ ಅಂಗವೈಕಲ್ಯ ಇಲ್ಲದವರಲ್ಲಿ ಐಕ್ಯೂ ಅಂಕಕ್ಕೂ ದಿನನಿತ್ಯದ ನಿರ್ವಹಣೆಯ ಅಂಕಕ್ಕೂ ನಡುವೆ ದೊಡ್ಡ ಅಂತರವಿತ್ತು. ಆದ್ದರಿಂದ 'ಹೈ ಫಂಕ್ಷನಿಂಗ್ ಆಟಿಸಂ' ಎಂಬ ಮಾತನ್ನೇ ಬಿಡಬೇಕು ಎಂದು ಆ ಸಂಶೋಧಕರು ಹೇಳಿದರು. ನನಗೂ ಅದು ಸರಿ ಎನಿಸುತ್ತದೆ. ಆ ಹೆಸರು ಹೊತ್ತ ಯುವಕರಿಗೆ ಸಹಾಯ ಕೇಳುವ ಬಾಗಿಲೇ ಮುಚ್ಚಿಹೋಗುತ್ತದೆ. "ಡಿಗ್ರಿ ಮಾಡಿದವನಿಗೆ ಉಗುರು ಕತ್ತರಿಸಲು ಹೇಳಿಕೊಡಬೇಕಾ?" ಎನ್ನುತ್ತಾರೆ. ಕೆಲವರಿಗೆ ಹೇಳಿಕೊಡಬೇಕು.

ದಿನಚರಿಯನ್ನು ಅಳೆಯುವ ಯೋಚನೆ ಹೊಸದಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ವೈನ್‌ಲ್ಯಾಂಡ್ ಎಂಬ ಊರಿದೆ. ಅಲ್ಲಿನ ತರಬೇತಿ ಶಾಲೆಯಲ್ಲಿದ್ದ ಎಡ್ಗರ್ ಡಾಲ್ ಎಂಬ ಮನಶ್ಶಾಸ್ತ್ರಜ್ಞ 1935ರಲ್ಲಿ ಸಾಮಾಜಿಕ ಪ್ರೌಢತೆಯ ಅಳತೆಪಟ್ಟಿಯೊಂದನ್ನು ಪ್ರಕಟಿಸಿದರು. ಪುಸ್ತಕದ ಬುದ್ಧಿಯನ್ನು ಪಕ್ಕಕ್ಕಿಟ್ಟು, ಉಣ್ಣುವುದು, ಉಡುವುದು, ಅಂಗಡಿಗೆ ಹೋಗಿಬರುವುದು, ತನ್ನ ಹೊಣೆ ತಾನು ಹೊರುವುದು ಇವನ್ನು ಕೇಳಿ ಬರೆದುಕೊಳ್ಳುವ ಪಟ್ಟಿ ಅದು. ನಾಗಪುರದಲ್ಲಿದ್ದ ಎ.ಜೆ. ಮಾಲಿನ್ ಅದನ್ನು ಭಾರತಕ್ಕೆ ಒಗ್ಗಿಸಿದರು. ನಮ್ಮ ಮೈಸೂರಿನ ಜೆ. ಭರತ್‌ರಾಜ್ 1992ರಲ್ಲಿ ಅದರ ಕೈಪಿಡಿಯನ್ನು ಹೊರತಂದರು. ನಿಮ್ಮ ಮಗುವನ್ನು ಪರೀಕ್ಷೆಗೆ ಕರೆದೊಯ್ದಿದ್ದರೆ ವರದಿಯಲ್ಲಿ 'ವಿಎಸ್‌ಎಂಎಸ್' ಎಂಬ ಅಕ್ಷರಗಳನ್ನು ನೋಡಿಯೇ ಇರುತ್ತೀರಿ. ಅದು ಇದೇ. ಒಟ್ಟು 89 ಅಂಶಗಳು. ಆದರೆ ಈ ಭಾರತೀಯ ರೂಪ ಹದಿನೈದು ವರ್ಷದವರೆಗೆ ಮಾತ್ರ. ಇಪ್ಪತ್ತೈದರ ಯುವಕನ ವರದಿಯಲ್ಲಿ "ಸಾಮಾಜಿಕ ವಯಸ್ಸು ಒಂಬತ್ತು" ಎಂದು ಬರೆದದ್ದನ್ನು ಕಂಡು ತಾಯಂದಿರು ಕುಸಿದುಹೋಗುವುದುಂಟು. ಅವನು ಒಂಬತ್ತರ ಮಗು ಎಂಬುದು ಅದರ ಅರ್ಥವಲ್ಲ. ಮಕ್ಕಳಿಗಾಗಿ ಮಾಡಿದ ಅಳತೆಗೋಲಿನಲ್ಲಿ ದೊಡ್ಡವರನ್ನು ಅಳೆದಾಗ ಸಿಗುವ ಸಂಖ್ಯೆ ಅದು. ಬಸ್ ಪಾಸ್ ನವೀಕರಣ, ಸಂಬಳದ ಹಣ, ಮದುವೆ, ಮೊಬೈಲಿನಲ್ಲಿ ಬರುವ ಮೋಸದ ಕರೆ ಇವು ಯಾವುವೂ ಅದರಲ್ಲಿಲ್ಲ.

ದೊಡ್ಡವರಿಗೆ ಹೊಂದುವ ಅಳತೆಗಳು ಬೇರೆ ಇವೆ. ಡಾಲ್ ಅವರ ಪಟ್ಟಿಯನ್ನು ಪೂರ್ತಿ ಹೊಸದಾಗಿ ಕಟ್ಟಿ 1984ರಲ್ಲಿ 'ವೈನ್‌ಲ್ಯಾಂಡ್ ಅಡಾಪ್ಟಿವ್ ಬಿಹೇವಿಯರ್ ಸ್ಕೇಲ್ಸ್' ತಂದರು. ಅದರ ಮೂರನೇ ಆವೃತ್ತಿ ಬಂದದ್ದು 2016ರಲ್ಲಿ. ಹುಟ್ಟಿನಿಂದ ಮುಪ್ಪಿನವರೆಗೂ ಬಳಸಬಹುದು. ಮಾತುಕತೆ, ದಿನನಿತ್ಯದ ಕೆಲಸ, ಜನರೊಂದಿಗಿನ ಒಡನಾಟ ಎಂಬ ಮೂರು ಮುಖ್ಯ ಭಾಗಗಳು ಇದರಲ್ಲಿವೆ. ದಿನನಿತ್ಯದ ಕೆಲಸದೊಳಗೆ ಮತ್ತೆ ಮೂರು: ತನ್ನ ಮೈ ನೋಡಿಕೊಳ್ಳುವುದು, ಮನೆ ನೋಡಿಕೊಳ್ಳುವುದು, ಮನೆಯ ಹೊರಗೆ ನಿಭಾಯಿಸುವುದು. ಸರಾಸರಿಯನ್ನು 100 ಎಂದಿಟ್ಟಿದ್ದಾರೆ. 70ರ ಆಸುಪಾಸಿಗೆ ಇಳಿದರೆ ಗಣನೀಯ ನೆರವು ಬೇಕೆಂದು ತಿಳಿಯುತ್ತಾರೆ. ಇನ್ನೊಂದು ಚಿಕ್ಕದು, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವೈಸ್‌ಮನ್ ಕೇಂದ್ರದ್ದು. ಹದಿನೇಳೇ ಕೆಲಸಗಳು: ಸ್ನಾನ, ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಒಂದು ಹೊತ್ತಿನ ಅಡುಗೆ, ಬ್ಯಾಂಕಿನ ವ್ಯವಹಾರ, ಹೀಗೆ. ತಾನೇ ಮಾಡಿದರೆ ಎರಡು ಅಂಕ, ಸಹಾಯದಿಂದ ಮಾಡಿದರೆ ಒಂದು, ಮಾಡದಿದ್ದರೆ ಸೊನ್ನೆ. ವಿಶ್ವ ಆರೋಗ್ಯ ಸಂಸ್ಥೆಯ 'ಹೂಡಾಸ್' ಎಂಬ ಪ್ರಶ್ನಾವಳಿಯಲ್ಲಿ ಕಳೆದ ಮೂವತ್ತು ದಿನಗಳಲ್ಲಿ ಯಾವ ಕೆಲಸ ಎಷ್ಟು ಕಷ್ಟವಾಯಿತು ಎಂದು ಆ ವ್ಯಕ್ತಿಯನ್ನೇ ಕೇಳುತ್ತಾರೆ.

ಇವನ್ನು ತುಂಬುವಾಗ ಮನೆಯವರು ಎಡವುವ ಜಾಗವೊಂದಿದೆ. ವೈನ್‌ಲ್ಯಾಂಡ್‌ನಂಥ ಅಳತೆಯಲ್ಲಿ "ಮಾಡಬಲ್ಲನೇ?" ಎಂದು ಕೇಳುವುದಿಲ್ಲ. "ಮಾಡುತ್ತಾನೆಯೇ?" ಎಂದು ಕೇಳುತ್ತಾರೆ. ಸಾಮಾನ್ಯವಾಗಿ, ಯಾರೂ ಹೇಳದೆ, ಅಗತ್ಯ ಬಿದ್ದಾಗ ಮಾಡುತ್ತಾನೆಯೇ? ಚಹಾ ಮಾಡಲು ಗೊತ್ತಿದೆ, ಆದರೆ ತಾನಾಗಿ ಯಾವತ್ತೂ ಮಾಡಿಲ್ಲ ಎಂದರೆ ಆ ಪಟ್ಟಿಯಲ್ಲಿ ಪೂರ್ತಿ ಅಂಕವಿಲ್ಲ. ಇದು ಅನ್ಯಾಯದಂತೆ ತೋರಬಹುದು. ಆದರೆ ಆ ಒಂಬತ್ತು ದಿನ ಹುಡುಗನಿಗೆ ಸ್ನಾನ ಮಾಡಲು 'ಗೊತ್ತಿತ್ತು'.

ನಮ್ಮ ಮನೆಗಳ ತೊಡಕು ಇನ್ನೊಂದಿದೆ. ತುಂಬಿದ ಮನೆಯಲ್ಲಿ ಗಂಡುಮಗ ಒಲೆಯ ಹತ್ತಿರ ಸುಳಿಯುವುದೇ ಇಲ್ಲ, ಆಟಿಸಂ ಇರಲಿ ಇಲ್ಲದಿರಲಿ. ಪಟ್ಟಿಯಲ್ಲಿ ಅಡುಗೆ, ಪಾತ್ರೆ, ಒಗೆತಕ್ಕೆಲ್ಲ ಸೊನ್ನೆ ಬೀಳುತ್ತದೆ. ಅದು ಅಸಾಮರ್ಥ್ಯವೋ, ಅವಕಾಶವೇ ಸಿಗದ್ದೋ? ಒಳ್ಳೆಯ ಪರೀಕ್ಷಕರು ಇದನ್ನು ಬಿಡಿಸಿ ಕೇಳುತ್ತಾರೆ, ಅದೇ ಮನೆಯ ಅಣ್ಣತಮ್ಮಂದಿರು ಏನು ಮಾಡುತ್ತಾರೆ ಎಂದೂ ವಿಚಾರಿಸುತ್ತಾರೆ. ಕೇಳದಿದ್ದರೆ ನೀವೇ ಹೇಳಿ.

ಹೆಣ್ಣುಮಕ್ಕಳ ವಿಷಯ ಇದರ ತದ್ವಿರುದ್ಧ. ಚಿಕ್ಕಂದಿನಿಂದಲೇ ಮನೆಗೆಲಸ ಕಲಿತಿರುತ್ತಾರೆ, ದಿನಚರಿಯ ಅಂಕ ಚೆನ್ನಾಗಿ ಬರುತ್ತದೆ. "ಶಾಂತ ಸ್ವಭಾವದ ಹುಡುಗಿ, ಮಾತು ಕಡಿಮೆ" ಎಂದು ಎಲ್ಲರೂ ಮೆಚ್ಚುತ್ತಾರೆ. ಅವಳ ಆಟಿಸಂ ಯಾರಿಗೂ ಕಾಣಿಸುವುದಿಲ್ಲ. ತವರಿನ ಅಡುಗೆಮನೆಯಲ್ಲಿ ಡಬ್ಬಿಗಳ ಜಾಗ, ಕೆಲಸದ ಹೊತ್ತು, ಸದ್ದು ವಾಸನೆ ಎಲ್ಲ ಅವಳಿಗೆ ಒಗ್ಗಿರುತ್ತದೆ. ಮದುವೆಯಾಗಿ ಹೊಸ ಮನೆಗೆ ಹೋದಾಗ ಆ ಇಡೀ ಏರ್ಪಾಡು ಒಮ್ಮೆಲೇ ಬದಲಾಗುತ್ತದೆ. ನಿನ್ನೆಯವರೆಗೆ ಹತ್ತು ಜನರಿಗೆ ಅಡುಗೆ ಮಾಡುತ್ತಿದ್ದವಳು ಇಂದು ಕೋಣೆಯಿಂದ ಹೊರಬರಲಾರಳು. ಸೋಮಾರಿ, ಅಹಂಕಾರಿ ಎಂಬ ಮಾತು ಬರಲು ತಡವಾಗುವುದಿಲ್ಲ. ಹೊರಗೆ ಎಲ್ಲರಂತೆ ನಡೆದುಕೊಳ್ಳಲು ದಿನವಿಡೀ ಹೆಣಗಿ, ಮನೆಗೆ ಬಂದ ಮೇಲೆ ಊಟಕ್ಕೂ ಏಳಲಾಗದಷ್ಟು ದಣಿಯುವ ಯುವಕ ಯುವತಿಯರೂ ಇದ್ದಾರೆ. ಹಾಗಾಗಿ "ಮಾಡುತ್ತಾಳೆಯೇ?" ಎಂಬ ಪ್ರಶ್ನೆಯ ಜೊತೆಗೆ "ಮಾಡಿದ ಮೇಲೆ ಹೇಗಿರುತ್ತಾಳೆ?" ಎಂದೂ ಕೇಳಿಕೊಳ್ಳಬೇಕು. ಮುದ್ರಿತ ಪಟ್ಟಿಗಳಲ್ಲಿ ಇದಕ್ಕೆ ಅಂಕಣ ಸಿಗುವುದು ಕಡಿಮೆ.

ಪರೀಕ್ಷೆಗೆ ಹೋಗುವ ಮುನ್ನ ಮನೆಯಲ್ಲೇ ಒಂದು ವಾರದ ಟಿಪ್ಪಣಿ ಬರೆದಿಟ್ಟರೆ ತುಂಬ ಉಪಯೋಗ. ಅದಕ್ಕೆ ಮಗನ ಅಥವಾ ಮಗಳ ಒಪ್ಪಿಗೆ ಕೇಳಿ. ಅವರು ದೊಡ್ಡವರು, ಗುಟ್ಟಾಗಿ ಗಮನಿಸಿ ಬರೆಯುವುದು ಸರಿಯಲ್ಲ. ಒಂದೊಂದು ಕೆಲಸದ ಮುಂದೆ ನಾಲ್ಕರಲ್ಲಿ ಒಂದನ್ನು ಬರೆಯಿರಿ: ತಾನಾಗಿ, ನೆನಪಿಸಿದಾಗ, ಜೊತೆಗಿದ್ದು ಮಾಡಿಸಿದಾಗ, ಮಾಡಲಿಲ್ಲ. ನೆನಪಿಸಿದ್ದಾದರೆ ಎಷ್ಟು ಸಲ ಎಂದೂ ಬರೆಯಿರಿ. ಆಗ ನಿಮ್ಮ ಸಹಾಯ ನಿಮಗೇ ಕಾಣತೊಡಗುತ್ತದೆ. ಮೇಲೆ ಹೇಳಿದ ತಾಯಿ ಒಂದು ಬೆಳಗಿನಲ್ಲಿ ಹದಿನಾಲ್ಕು ಸಲ ಎಂದು ಎಣಿಸಿ ತಾವೇ ದಂಗಾದರು.

ಶುಚಿತ್ವದ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಬೇಕು. 'ಸ್ನಾನ' ಎಂಬುದು ಒಂದು ಕೆಲಸವಲ್ಲ. ನೀರಿನ ಬಿಸಿ ನೋಡುವುದು, ಕಂಕುಳಿಗೂ ತೊಡೆಸಂದಿಗೂ ಸೋಪು ತಾಗಿಸುವುದು, ಸೋಪು ಪೂರ್ತಿ ಹೋಗುವಂತೆ ತೊಳೆಯುವುದು, ಒರೆಸಿಕೊಳ್ಳುವುದು, ಒಗೆದ ಬಟ್ಟೆಯನ್ನೇ ಆರಿಸುವುದು, ಹೀಗೆ ಹತ್ತಾರು ಹೆಜ್ಜೆ. ಒಂದೇ ಹೆಜ್ಜೆಯಲ್ಲಿ ತೊಡಕಿದ್ದರೂ ಫಲ ಸೊನ್ನೆ. ಗಟ್ಟಿ ಕ್ರಮವಿರುವ ಕೆಲಸಗಳು ಇವರಲ್ಲಿ ಹಲವರಿಗೆ ಸುಲಭ. ಸ್ನಾನಕ್ಕೆ ತಡವರಿಸುವ ಯುವಕ ವುಝೂವನ್ನು ಒಂದು ಹೆಜ್ಜೆ ತಪ್ಪದೆ ಮಾಡುವುದನ್ನು ಕಂಡವರಿದ್ದೀರಿ. ಮೊದಲು ಏನು, ಆಮೇಲೆ ಏನು, ಎಷ್ಟು ಸಲ ಎಂಬುದೆಲ್ಲ ಅಲ್ಲಿ ನಿಶ್ಚಿತ. ಸ್ನಾನಕ್ಕೂ ಅಂಥ ಕ್ರಮವನ್ನು ಚಿತ್ರದಲ್ಲೋ ಬರಹದಲ್ಲೋ ಬಚ್ಚಲ ಗೋಡೆಗೆ ಅಂಟಿಸಿದರೆ ಕೂಗುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ. ಇನ್ನು ಕೆಲವರಿಗೆ ಕ್ರಮ ಗೊತ್ತು, ಆದರೆ ತಲೆಯ ಮೇಲೆ ಬೀಳುವ ನೀರು ಚುಚ್ಚಿದಂತಾಗುತ್ತದೆ, ಪೇಸ್ಟಿನ ಪುದೀನ ಉರಿಯುತ್ತದೆ, ಕ್ಷೌರದ ಯಂತ್ರದ ಸದ್ದು ಸಹಿಸಲಾಗದು. ಇವರಿಗೆ ಪಾಠ ಹೇಳಿ ಪ್ರಯೋಜನವಿಲ್ಲ. ಶವರಿನ ಬದಲು ತಂಬಿಗೆ, ಪುದೀನ ಇಲ್ಲದ ಪೇಸ್ಟು ಬೇಕು. ಮುಟ್ಟಿನ ದಿನಗಳಲ್ಲಿ ಪ್ಯಾಡ್ ಬದಲಿಸುವ ಹೊತ್ತು ತಿಳಿಯದವರಿಗೆ ಮೊಬೈಲಿನ ಅಲಾರಂ ಸಾಕಾಗಬಹುದು. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಕಾರಣವನ್ನೂ ಸೇರಿಸಿ: ಗೊತ್ತಿಲ್ಲವೋ, ನೆನಪಾಗುವುದಿಲ್ಲವೋ, ಶುರುಮಾಡಲು ಆಗುವುದಿಲ್ಲವೋ, ಹಿಂಸೆಯಾಗುತ್ತದೋ.

ಹಸಿವು, ಬಾಯಾರಿಕೆ, ನೋವು, ಮೂತ್ರದ ಒತ್ತಡ ಇಂಥ ಒಳಗಿನ ಸೂಚನೆಗಳು ಆಟಿಸಂ ಇರುವ ಅನೇಕರಿಗೆ ಸ್ಪಷ್ಟವಾಗಿ ತಿಳಿಯುವುದಿಲ್ಲ, ತಿಳಿದರೂ ಮಾತಿಗೆ ಬರುವುದಿಲ್ಲ. "ಹುಷಾರಿಲ್ಲದಾಗ ಹೇಳುತ್ತಾನೆಯೇ?" ಎಂಬ ಪ್ರಶ್ನೆಗೆ ಯೋಚಿಸಿ ಉತ್ತರಿಸಿ. ರಂಝಾನಿನಲ್ಲಿ ಊಟ ನಿದ್ದೆಯ ಹೊತ್ತು ಬದಲಾದಾಗ, ಮಾತ್ರೆಯ ಹೊತ್ತು ಬದಲಾದಾಗ ಏನಾಗುತ್ತದೆ ಎಂಬುದನ್ನೂ ಪರೀಕ್ಷಕರಿಗೆ ತಿಳಿಸಿ. ಮಾಮೂಲಿ ದಿನದ ಚಿತ್ರ ಮಾತ್ರ ಕೊಟ್ಟರೆ ಅದು ಅರ್ಧ ಚಿತ್ರ.

ಇನ್ನೊಂದು ಗಂಭೀರ ವಿಷಯ. ಮೊದಲು ಮಾಡುತ್ತಿದ್ದ ಕೆಲಸಗಳನ್ನು ಈಗ ಬಿಟ್ಟಿದ್ದಾರೆ, ಚಲನೆ ನಿಧಾನವಾಗಿದೆ, ತುತ್ತು ಎತ್ತಿದ ಕೈ ಅರ್ಧದಲ್ಲೇ ನಿಲ್ಲುತ್ತದೆ, ಮಾತು ಕಡಿಮೆಯಾಗಿದೆ ಎಂದರೆ "ಆಟಿಸಂ ಜಾಸ್ತಿಯಾಯ್ತು" ಎಂದು ಸುಮ್ಮನಿರಬೇಡಿ. ಖಿನ್ನತೆ, ಅಪಸ್ಮಾರ, ಥೈರಾಯ್ಡ್, ಗುರುತಿಸದೆ ಉಳಿದ ನೋವು, ಅಥವಾ ಕೆಟಟೋನಿಯಾ ಎಂಬ ಸ್ಥಿತಿ ಇದರ ಹಿಂದೆ ಇರಬಹುದು. ಇವಕ್ಕೆ ಚಿಕಿತ್ಸೆ ಇದೆ. ತಡಮಾಡದೆ ವೈದ್ಯರಿಗೆ ತೋರಿಸಿ.

ಪರೀಕ್ಷೆಯ ದಿನ ಆ ವ್ಯಕ್ತಿಯ ಎದುರಿಗೇ ಅವರ ಕೊರತೆಗಳನ್ನು ಒಂದೊಂದಾಗಿ ಪಠಿಸುವ ರೂಢಿ ನನಗೆ ಹಿಡಿಸುವುದಿಲ್ಲ. ಮಾತನಾಡದವರು ಕೇಳಿಸಿಕೊಳ್ಳುವುದಿಲ್ಲ ಎಂದು ತಿಳಿಯುವುದು ನಮ್ಮ ತಪ್ಪು. ಅವರ ಉತ್ತರವನ್ನೂ ಪಡೆಯಬೇಕು. ಪ್ರಶ್ನೆಗಳನ್ನು ಮುಂಚಿತವಾಗಿ ಬರೆದುಕೊಡಲು ಕೇಳಿ. "ಹೇಗಿದ್ದೀಯ?" ಎಂಬಂಥ ಅಗಲ ಪ್ರಶ್ನೆಗೆ ತಡವರಿಸುವವರು "ನಿನ್ನೆ ಮಧ್ಯಾಹ್ನ ಏನು ತಿಂದೆ?" ಎಂದರೆ ಸರಿಯಾಗಿ ಹೇಳಬಹುದು. ಬರೆದು, ಟೈಪ್ ಮಾಡಿ, ಚಿತ್ರ ತೋರಿಸಿ ಹೇಳುವುದೂ ಉತ್ತರವೇ.

ಮನೆಯವರು ಉತ್ತರಿಸುವಾಗ ಎರಡು ಭಯ ಅಡ್ಡ ಬರುತ್ತವೆ. ಒಂದು ಮರ್ಯಾದೆಯದು. ತಂಗಿಗೆ ಸಂಬಂಧ ಕೂಡಿಬರಬೇಕು, ಊರಿಗೆ ಗೊತ್ತಾಗಬಾರದು ಎಂದು ತಾಯಿ ಎಲ್ಲವನ್ನೂ ತೆಳುಮಾಡಿ ಹೇಳುತ್ತಾರೆ. ಇನ್ನೊಂದು, ಪ್ರಮಾಣಪತ್ರ ಕೈತಪ್ಪೀತೆಂದು ತಂದೆ ಎಲ್ಲವನ್ನೂ ಹಿಗ್ಗಿಸಿ ಹೇಳುತ್ತಾರೆ. ಎರಡರಿಂದಲೂ ನಷ್ಟ ಆ ವ್ಯಕ್ತಿಗೇ. ವರದಿಯನ್ನು ಗೌಪ್ಯವಾಗಿಡಲು ಕೇಳುವ ಹಕ್ಕು ನಿಮಗಿದೆ. ಕೇಳಿ, ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿ.

ಪ್ರಮಾಣಪತ್ರದ ಮಾತು ಬಂದದ್ದರಿಂದ ಒಂದು ವ್ಯತ್ಯಾಸ ತಿಳಿದಿರಲಿ. ನಮ್ಮ ದೇಶದಲ್ಲಿ 2009ರಲ್ಲಿ ಹೊರತಂದ 'ಐಎಸ್‌ಎಎ' ಎಂಬ ಆಟಿಸಂ ಅಳತೆಪಟ್ಟಿ ಇದೆ. ನಲವತ್ತು ಅಂಶ, ಒಂದೊಂದಕ್ಕೆ ಒಂದರಿಂದ ಐದು ಅಂಕ. 70ರಿಂದ ಸೌಮ್ಯ, 107ರಿಂದ ಮಧ್ಯಮ, 153 ದಾಟಿದರೆ ತೀವ್ರ. ಇದು ಆಟಿಸಂನ ಲಕ್ಷಣಗಳು ಎಷ್ಟಿವೆ ಎಂದು ಅಳೆಯುತ್ತದೆ. ಗ್ಯಾಸ್ ಆರಿಸಲು ನೆನಪಿರುತ್ತದೆಯೇ, ಒಬ್ಬನೇ ರಾತ್ರಿ ಕಳೆಯಬಲ್ಲನೇ ಎಂಬುದನ್ನು ಅಳೆಯುವುದಿಲ್ಲ. 'ಸೌಮ್ಯ' ಎಂದು ಬಂದವರಿಗೆ ದಿನನಿತ್ಯ ಸಾಕಷ್ಟು ಆಸರೆ ಬೇಕಾಗಿರಬಹುದು. ಆದ್ದರಿಂದ ಅದೊಂದರ ಮೇಲೆಯೇ ನಿಲ್ಲದೆ, ದಿನಚರಿಯ ಮೌಲ್ಯಮಾಪನವನ್ನು ಬೇರೆಯಾಗಿ ಬರೆದುಕೊಡಲು ಕೋರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕ್ಲಿನಿಕಲ್ ಸೈಕಾಲಜಿಸ್ಟರಿದ್ದಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ಮೊದಲು ವಿಚಾರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಶೇಕಡ 40 ಮತ್ತು ಹೆಚ್ಚು ಎಂದು ದೃಢಪಟ್ಟರೆ ಮೀಸಲಾತಿಯಂಥ ಸೌಲಭ್ಯಗಳು ಸಿಗುತ್ತವೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸಬಹುದು. ಅರ್ಜಿ ಬಂದಾಗ ಆ ಸಮಿತಿ ಎರಡನ್ನು ನೋಡಬೇಕೆಂದು ಕಾಯ್ದೆಯೇ ಹೇಳುತ್ತದೆ: ಈ ವ್ಯಕ್ತಿಗೆ ಪೋಷಕರು ಬೇಕೇ, ಬೇಕಾದರೆ ಯಾವ ಉದ್ದೇಶಗಳಿಗೆ. ಬ್ಯಾಂಕಿನ ಕೆಲಸಕ್ಕೆ ಮಾತ್ರ ಆಸರೆ ಬೇಕಾದವನ ಇಡೀ ಬದುಕಿನ ನಿರ್ಧಾರ ಅಣ್ಣನ ಕೈಗೆ ಹೋಗಬೇಕಿಲ್ಲ. ದಿನಚರಿಯ ಒಳ್ಳೆಯ ವರದಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅಂಕ ಬಂದ ಮೇಲೆ ಏನು? ಅಮೆರಿಕದಲ್ಲಿ ಆಟಿಸಂ ಇರುವವರನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನನಿತ್ಯದ ಕೌಶಲಗಳು ಹದಿಹರೆಯದಲ್ಲೂ ಇಪ್ಪತ್ತರ ಮೊದಲ ವರ್ಷಗಳಲ್ಲೂ ಬೆಳೆಯುತ್ತ ಹೋಗಿ, ಇಪ್ಪತ್ತರ ಕೊನೆಯ ಹೊತ್ತಿಗೆ ನಿಂತಂತಾದದ್ದು ಕಂಡುಬಂತು. ಶಾಲೆ ಕಾಲೇಜು ಮುಗಿದ ಮೇಲೆ ಕಲಿಸುವವರೂ ಇಲ್ಲ, ಹೋಗಲು ಜಾಗವೂ ಇಲ್ಲ ಎಂಬುದು ಒಂದು ಕಾರಣವಿರಬಹುದು. ಹದಿನೆಂಟು ತುಂಬಿತು, ಇನ್ನು ಕಲಿಯುವುದಿಲ್ಲ ಎಂದು ಕೈಬಿಡುವ ಮನೆಗಳಿಗೆ ಇದರ ಮೊದಲರ್ಧವನ್ನು ಒತ್ತಿ ಹೇಳಬೇಕು.

1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ಬರೆದ ಮೊದಲ ಪ್ರಸಿದ್ಧ ಲೇಖನದಲ್ಲಿ ಹನ್ನೊಂದು ಮಕ್ಕಳಿದ್ದರು. ಅವರಲ್ಲಿ ಮೊದಲನೆಯವನು ಮಿಸಿಸಿಪಿಯ ಫಾರೆಸ್ಟ್ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಅವನನ್ನು ಕೆಲವು ವರ್ಷ ಒಂದು ರೈತ ದಂಪತಿಯ ಮನೆಯಲ್ಲಿ ಇರಿಸಿದ್ದರು. ಹುಡುಗನಿಗೆ ಅಳತೆಯ ಗೀಳು; ಅವರು ಅವನಿಗೆ ಬಾವಿ ತೋಡಲು ಹೇಳಿ, ಆಳ ಎಷ್ಟಾಯಿತೆಂದು ವರದಿ ಕೇಳುತ್ತಿದ್ದರು. ಎಣಿಸುವ ಗೀಳು, ಜೋಳದ ಹೊಲ ಉಳುತ್ತ ಸಾಲುಗಳನ್ನು ಎಣಿಸಲು ಬಿಟ್ಟರು. ಕ್ಯಾನರ್ ಹೋಗಿ ನೋಡಿ ಬೆರಗಾದರು. ಟ್ರಿಪ್ಲೆಟ್ ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಇಪ್ಪತ್ತೇಳನೇ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತರು, ದೇಶ ವಿದೇಶ ಸುತ್ತಿದರು. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಮನೆಯವರಿಗೆ ಹಣಬಲವಿತ್ತು, ಇಡೀ ಊರು ಅವರನ್ನು ತನ್ನವನೆಂದು ನೋಡಿಕೊಂಡಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಮೊದಲು ಹೇಳಿದ ಮನೆಯಲ್ಲಿ ಈಗ ಬಚ್ಚಲ ಗೋಡೆಯ ಮೇಲೆ ಒಂದು ಹಾಳೆ ಇದೆ. ಅಕ್ಷರ ಹುಡುಗನದೇ. ಫೋನಿನಲ್ಲಿ ಬೆಳಿಗ್ಗೆ ಮೂರು ಅಲಾರಂ. ತಾಯಿ ಕೂಗುವುದು ಹದಿನಾಲ್ಕರಿಂದ ಐದಕ್ಕೆ ಇಳಿದಿದೆ. ಹಲ್ಲಿನ ವೈದ್ಯರ ಭೇಟಿಯನ್ನು ಆರು ತಿಂಗಳಿಗೊಮ್ಮೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ, ನೋವೆಂದು ಅವನು ಹೇಳುವವರೆಗೆ ಕಾಯುವುದಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ತಾಯಿ ಬೆಳಿಗ್ಗೆಯೇ ತಂಗಿಯ ಮನೆಗೆ ಹೋಗಿ ಸಂಜೆ ಮರಳುತ್ತಾರೆ. ಖಾಲಾಗೆ ಕೊಟ್ಟಿರುವ ಎರಡು ಪುಟದ ಚೀಟಿಯ ಮೊದಲ ಸಾಲು ಹೀಗಿದೆ: "ಸ್ನಾನ ಅವನಿಗೆ ಗೊತ್ತು. ಎಂಟು ಗಂಟೆಗೆ ಒಂದು ಸಲ ನೆನಪಿಸಬೇಕು."